ಕರ್ನಾಟಕ ಕರಾವಳಿಯಲ್ಲಿ ಹಾಯಿದೋಣಿ ತಂಗುದಾಣ ಮತ್ತು ದುರಸ್ತಿ

ಕರ್ನಾಟಕ ಕರಾವಳಿಯಲ್ಲಿ ಹಾಯಿದೋಣಿ ತಂಗುದಾಣ ಮತ್ತು ದುರಸ್ತಿ ಎಂಬ ಈ ಲೇಖನವು ದೂರ ಸಂಚಾರಕ್ಕೆ ಬಳಸುವ ವಿಹಾರ ಹಾಯಿದೋಣಿಯನ್ನು ಕಾರವಾರದಿಂದ ಉಳ್ಳಾಲದವರೆಗಿನ ಕಡಲತೀರದಲ್ಲಿ ಎಲ್ಲಿ ನಿಲ್ಲಿಸಬಹುದು, ಯಾವ ಕಾಲದಲ್ಲಿ ದಡಕ್ಕೆ ಏರಿಸಬೇಕು, ಅದರ ದುರಸ್ತಿಗೆ ಸ್ಥಳೀಯ ಕುಶಲಕರ್ಮಿಗಳನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದನ್ನು ಕುರಿತದ್ದಾಗಿದೆ. ಯುರೋಪು ಮತ್ತು ಅಮೆರಿಕದ ತೀರಗಳಲ್ಲಿ ಇಂತಹ ದೋಣಿಗಳು ಮರೀನಾ ಎಂಬ ವಿಶೇಷ ಬಂದರುಗಳಲ್ಲಿ ತಂಗುತ್ತವೆ. ತೇಲುವ ಕಟ್ಟೆ, ವಿದ್ಯುತ್ತು, ಸಿಹಿನೀರು, ಇಂಧನ, ದೋಣಿಯನ್ನು ಮೇಲೆತ್ತುವ ಯಂತ್ರ ಮತ್ತು ಕಾವಲು ಇವೆಲ್ಲ ಅಲ್ಲಿ ಒಂದೇ ಆವರಣದಲ್ಲಿ ದೊರೆಯುತ್ತವೆ. ಕರ್ನಾಟಕದಲ್ಲಿ ಅಂತಹ ಪೂರ್ಣ ಸೌಲಭ್ಯದ ಮರೀನಾ ಇಲ್ಲ. ಉಡುಪಿ ಜಿಲ್ಲೆಯ ಬೈಂದೂರಿನಲ್ಲಿ ರಾಜ್ಯದ ಮೊದಲ ಮರೀನಾ ನಿರ್ಮಿಸುವ ಪ್ರಸ್ತಾವವನ್ನು ರಾಜ್ಯ ಸರ್ಕಾರವು ಪ್ರಕಟಿಸಿದೆ. ಆದ್ದರಿಂದ ಇಲ್ಲಿ ದೋಣಿಯ ಮಾಲೀಕನು ಮೀನುಗಾರಿಕಾ ದಕ್ಕೆ, ನದಿಯ ಅಳಿವೆ, ವಾಣಿಜ್ಯ ಬಂದರು ಇವುಗಳ ನಡುವೆ ಆಯ್ಕೆ ಮಾಡಿಕೊಳ್ಳಬೇಕಾಗುತ್ತದೆ. ಆ ಆಯ್ಕೆಯಲ್ಲಿ ನೀರಿನ ಆಳದಷ್ಟೇ ದಡದ ಮೇಲಿನ ಮನುಷ್ಯರೂ ಮುಖ್ಯರಾಗುತ್ತಾರೆ.

ಹಿನ್ನೆಲೆ

ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳನ್ನು ಒಳಗೊಂಡ ಕರ್ನಾಟಕದ ಕಡಲತೀರವು 300 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಪಂಚನದಿಗಳು, ಉದ್ಯಾವರ ಹೊಳೆ, ನೇತ್ರಾವತಿ ಮತ್ತು ಗುರುಪುರ ನದಿಗಳು ಪಶ್ಚಿಮ ಘಟ್ಟದಿಂದ ಇಳಿದು ಕಡಲನ್ನು ಸೇರುವಲ್ಲಿ ಹಿನ್ನೀರಿನ ಆಶ್ರಯಗಳು ಉಂಟಾಗಿವೆ. ಎಂಜಿನ್ ಬರುವ ಮೊದಲು ಈ ತೀರದ ಮಂಜಿ, ಮಚ್ವೆ ಮತ್ತು ಪತ್ತೆಮಾರಿಗಳು ಗಾಳಿಯ ಕಾಲವನ್ನೇ ಅನುಸರಿಸಿ ಸಂಚರಿಸುತ್ತಿದ್ದವು. ಮುಂಗಾರು ಸಮೀಪಿಸಿದಾಗ ಅವುಗಳನ್ನು ನದಿಯೊಳಗೆ ತಂದು ದಡಕ್ಕೆ ಎಳೆದು, ಮಡಲು ಹೊದಿಸಿ, ಮಳೆಗಾಲ ಕಳೆಯುವವರೆಗೆ ದುರಸ್ತಿ ಮಾಡಲಾಗುತ್ತಿತ್ತು. ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ನೀರಿಗಿಳಿಯುವ ಸಂಪ್ರದಾಯ ಕರಾವಳಿಯ ಮೀನುಗಾರ ಸಮುದಾಯಗಳಲ್ಲಿ ಇಂದಿಗೂ ಉಳಿದಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಾಂತ್ರೀಕೃತ ಮೀನುಗಾರಿಕೆ ಬೆಳೆದಂತೆ ಹಾಯಿ ಕಣ್ಮರೆಯಾಯಿತು. ಆದರೆ ಮಳೆಗಾಲದಲ್ಲಿ ದೋಣಿಯನ್ನು ಮೇಲೆ ತರುವ ಕ್ರಮವೂ ಅದನ್ನು ನೆಚ್ಚಿದ ಕಸುಬುಗಳೂ ಮುಂದುವರಿದವು. ಇಂದಿನ ವಿಹಾರ ದೋಣಿಗೆ ದೊರೆಯುವ ಸೌಲಭ್ಯವೆಂದರೆ ಬಹುಪಾಲು ಈ ಹಳೆಯ ವ್ಯವಸ್ಥೆಯೇ ಆಗಿದೆ.

ಋತು ಮತ್ತು ಸಮುದ್ರಸ್ಥಿತಿ

ನವೆಂಬರಿನಿಂದ ಏಪ್ರಿಲ್‌ವರೆಗೆ ಈ ತೀರವು ಹಾಯಿ ಸಂಚಾರಕ್ಕೆ ಬಹಳ ಅನುಕೂಲವಾದುದು. ಮುಂಜಾನೆ ನೆಲದ ಕಡೆಯಿಂದ ಹಗುರವಾದ ಪೂರ್ವಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ನಿಂತು ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ತೀರದುದ್ದಕ್ಕೂ ದಕ್ಷಿಣಕ್ಕೆ ಹೋಗುವವರಿಗೆ ಇದು ಸುಲಭ. ಉತ್ತರಕ್ಕೆ ಹೋಗುವವರು ಬೆಳಗಿನ ಗಾಳಿಯನ್ನು ಬಳಸಿಕೊಳ್ಳಬೇಕು ಅಥವಾ ಎಂಜಿನ್ ನಡೆಸಬೇಕು.

ಜೂನ್ ಮೊದಲ ವಾರದಿಂದ ಚಿತ್ರವೇ ಬದಲಾಗುತ್ತದೆ. ನೈಋತ್ಯ ಮುಂಗಾರಿನ ಅಲೆಗಳು ತೆರೆದ ತೀರಕ್ಕೆ ನೇರವಾಗಿ ಅಪ್ಪಳಿಸುತ್ತವೆ. ತೀರದ ಉದ್ದಕ್ಕೂ ಲಂಗರು ಹಾಕುವುದು ಅಸಾಧ್ಯವಾಗುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಈ ನಿಷೇಧದ ಮುಖ್ಯ ಉದ್ದೇಶ ಮೀನಿನ ಸಂತಾನಾಭಿವೃದ್ಧಿಯ ರಕ್ಷಣೆ. ಅದು ವಿಹಾರ ದೋಣಿಗಳಿಗೆ ಅನ್ವಯಿಸುವುದಿಲ್ಲವಾದರೂ ಆ ಅವಧಿಯಲ್ಲಿ ಕಡಲಿಗಿಳಿಯುವ ವಿಹಾರಿಗೆ ಸಹಾಯಕ್ಕೆ ಬರುವ ದೋಣಿಗಳು ಸುತ್ತಮುತ್ತ ಇರುವುದಿಲ್ಲ ಎಂಬುದನ್ನು ಗಮನಿಸಬೇಕು.

ಮುಂಗಾರಿನ ಮುನ್ನ ಮೇ ತಿಂಗಳಲ್ಲೂ, ಅನಂತರ ಅಕ್ಟೋಬರಿನಿಂದ ಡಿಸೆಂಬರ್‌ವರೆಗೂ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳ ಸಾಧ್ಯತೆ ಇದೆ. 2017ರ ಡಿಸೆಂಬರಿನ ಓಖಿ, 2019ರ ಅಕ್ಟೋಬರಿನ ಕ್ಯಾರ್ ಮತ್ತು 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳ ಪ್ರಭಾವವು ಕರ್ನಾಟಕ ತೀರದಲ್ಲಿ ಕಂಡುಬಂದಿತ್ತು. ತೌಕ್ತೆಯ ಸಂದರ್ಭದಲ್ಲಿ ಮೂಲ್ಕಿ ಬಳಿಯ ಬಂಡೆಗಳ ನಡುವೆ ಸಿಲುಕಿದ್ದ ಟಗ್ ಹಡಗಿನಿಂದ 9 ಸಿಬ್ಬಂದಿಯನ್ನು ರಕ್ಷಿಸಲಾಯಿತು. ಎಂಜಿನ್ ಬಲವಿರುವ ಕೆಲಸದ ಹಡಗೇ ಹೀಗೆ ಸಿಲುಕಬಹುದಾದರೆ, ಮೇ ತಿಂಗಳ ಮಧ್ಯದವರೆಗೂ ತೆರೆದ ಲಂಗರಿನಲ್ಲಿ ಬಿಟ್ಟ ಹಾಯಿದೋಣಿಯ ಅಪಾಯವನ್ನು ಊಹಿಸಬಹುದು. ಅನುಭವಿಗಳು ಏಪ್ರಿಲ್ ಕೊನೆಯೊಳಗೆ ದೋಣಿಯನ್ನು ಒಳಗೆ ತರುವುದು ಈ ಕಾರಣದಿಂದ.

ಅಳಿವೆಯ ಸಮಸ್ಯೆ

ಈ ತೀರದಲ್ಲಿ ತಂಗುದಾಣವನ್ನು ಅಳೆಯುವ ಮೊದಲ ಮಾನದಂಡ ಅದರೊಳಗಿನ ಆಶ್ರಯವಲ್ಲ, ಅದಕ್ಕೆ ಹೋಗುವ ಬಾಗಿಲು. ನದಿಗಳು ಹೊತ್ತು ತರುವ ಮರಳು ಮತ್ತು ಕಡಲು ದಡದುದ್ದಕ್ಕೆ ಸಾಗಿಸುವ ಮರಳು ಅಳಿವೆಯಲ್ಲಿ ಸಂಧಿಸಿ ದಿಬ್ಬವಾಗುತ್ತವೆ. ಈ ದಿಬ್ಬದ ಜಾಗ ಪ್ರತಿ ಮಳೆಗಾಲದ ನಂತರ ಬದಲಾಗುತ್ತದೆ. ಕಳೆದ ವರ್ಷದ ಜಿಪಿಎಸ್ ದಾರಿಯನ್ನು ನಂಬಿ ಬಂದ ದೋಣಿ ಈ ವರ್ಷ ಮರಳಿಗೆ ತಾಗಬಹುದು. ನಕ್ಷೆಗಳನ್ನು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯು ಪ್ರಕಟಿಸುತ್ತದೆಯಾದರೂ ಸಣ್ಣ ಅಳಿವೆಗಳ ಮಟ್ಟಿಗೆ ಯಾವ ನಕ್ಷೆಯೂ ಆ ಋತುವಿನ ಸತ್ಯವನ್ನು ಹೇಳಲಾರದು. ಅದನ್ನು ಹೇಳಬಲ್ಲವನು ಅಲ್ಲಿಂದ ದಿನವೂ ಹೊರಡುವ ತಾಂಡೇಲ.

ಮೀನುಗಾರಿಕಾ ದೋಣಿಗಳ ತಳ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಹತ್ತರಿಂದ ಹನ್ನೆರಡು ಮೀಟರ್ ಉದ್ದದ ಸಂಚಾರಿ ಹಾಯಿದೋಣಿಯ ಕೀಲ್ ಸಾಮಾನ್ಯವಾಗಿ ನೀರಿನೊಳಗೆ ಒಂದೂವರೆಯಿಂದ ಎರಡು ಮೀಟರ್‌ವರೆಗೆ ಇಳಿದಿರುತ್ತದೆ. ಉಬ್ಬರ ಇಳಿತಗಳ ಅಂತರ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮಂಗಳೂರಿನಲ್ಲಿ ಸುಮಾರು ಒಂದೂವರೆ ಮೀಟರ್, ಕಾರವಾರದಲ್ಲಿ ಎರಡು ಮೀಟರಿನ ಸಮೀಪ. ಆದುದರಿಂದ ದೋಣಿಗೆ ಒಳಬರಲು ದೊರೆಯುವ ಸಮಯವು ಏರುನೀರಿನ ಕೊನೆಯ ಒಂದೆರಡು ಗಂಟೆಗಳಷ್ಟೇ ಆಗಿರಬಹುದು. ಇಳಿನೀರು ರಭಸದಿಂದ ಹೊರಹರಿಯುವಾಗ ಕಡಲಿನಿಂದ ಎದುರು ಅಲೆ ಬಂದರೆ ಅಳಿವೆಯಲ್ಲಿ ಅಲೆಗಳು ಕಡಿದಾಗಿ ನಿಂತು ಮುರಿಯುತ್ತವೆ. ಕರಾವಳಿಯ ಹಲವು ದೋಣಿ ದುರಂತಗಳು ದೂರ ಕಡಲಿನಲ್ಲಿ ಅಲ್ಲ, ಮನೆಯ ದೀಪ ಕಾಣುವ ಈ ಜಾಗದಲ್ಲಿಯೇ ನಡೆದಿವೆ. ಕತ್ತಲಾದ ಮೇಲೆ ಪರಿಚಯವಿಲ್ಲದ ಅಳಿವೆಯನ್ನು ಪ್ರವೇಶಿಸದೆ, ಹೊರಗೆ ಆಳ ನೀರಿನಲ್ಲಿಯೇ ರಾತ್ರಿ ಕಳೆಯುವುದು ಅನುಭವಿ ನಾವಿಕರ ಕ್ರಮ.

ಪ್ರಮುಖ ತಂಗುದಾಣಗಳು

ಕಾರವಾರ: ನೈಸರ್ಗಿಕ ಸರ್ವಋತು ಬಂದರೆಂದು ಹೆಸರಾದ ಕಾರವಾರ ಕೊಲ್ಲಿಯು ಗುಡ್ಡಗಳಿಂದಲೂ ದೇವಗಡ, ಕೂರ್ಮಗಡ ಮೊದಲಾದ ದ್ವೀಪಗಳಿಂದಲೂ ಭಾಗಶಃ ರಕ್ಷಿತವಾಗಿದೆ. ಅಳಿವೆ ದಾಟದೆಯೇ ಲಂಗರು ಹಾಕಬಹುದಾದ್ದರಿಂದ ಆಳದ ಕೀಲ್ ಇರುವ ದೋಣಿಗೆ ರಾಜ್ಯದಲ್ಲಿ ಇದಕ್ಕಿಂತ ಸುಲಭವಾದ ತಾಣ ಇಲ್ಲ. ಬೈತಖೋಲದಲ್ಲಿ ವಾಣಿಜ್ಯ ಬಂದರೂ ಮೀನುಗಾರಿಕಾ ಬಂದರೂ ಇವೆ. ಆದರೆ ದಕ್ಷಿಣಕ್ಕೆ 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಅಂಜದೀವ ದ್ವೀಪ ಮತ್ತು ನೆಲೆಯ ಸುತ್ತಲಿನ ನೀರು ನಿಷಿದ್ಧ ಪ್ರದೇಶವಾಗಿದೆ. ಬಂದರು ಕಚೇರಿಗೆ ಮುಂಚಿತವಾಗಿ ತಿಳಿಸದೆ ಇಲ್ಲಿಗೆ ಬರುವ ದೋಣಿಯು ವಿಚಾರಣೆಗೆ ಒಳಗಾಗುವುದು ಖಚಿತ.

ತದಡಿ, ಹೊನ್ನಾವರ, ಭಟ್ಕಳ: ಅಘನಾಶಿನಿಯ ಹಿನ್ನೀರು ವಿಶಾಲವಾದದ್ದು, ಶಾಂತವಾದದ್ದು. ಶರಾವತಿಯ ಅಳಿವೆಯ ಒಳಭಾಗವೂ ಹಾಗೆಯೇ. ಎರಡೂ ಕಡೆ ದಿಬ್ಬದ ತೊಂದರೆ ಇದೆ. ಕೀಲನ್ನು ಮೇಲೆತ್ತಬಲ್ಲ ದೋಣಿಗಳಿಗೂ ಎರಡು ಒಡಲಿನ ಕಟಮರಾನ್‌ಗಳಿಗೂ ಇವು ಹೊಂದುತ್ತವೆ.

ಗಂಗೊಳ್ಳಿ: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮತ್ತು ಖೇಟಕಿ ನದಿಗಳ ಸಂಗಮದ ಈ ಬಂದರಿನಲ್ಲಿ ದೋಣಿ ಕಟ್ಟುವ ಹಾಗೂ ದುರಸ್ತಿ ಮಾಡುವ ಕೈಗಳು ಸಾಕಷ್ಟಿವೆ. 2023ರ ನವೆಂಬರಿನಲ್ಲಿ, ದೀಪಾವಳಿಯ ಸಮಯದಲ್ಲಿ ಇಲ್ಲಿ ದಡದ ಮೇಲೆ ನಿಲ್ಲಿಸಿದ್ದ ಹಲವು ದೋಣಿಗಳು ಬೆಂಕಿಗೆ ಆಹುತಿಯಾದವು. ಫೈಬರ್ ಒಡಲು, ಡೀಸೆಲ್, ಬಲೆ, ಹಗ್ಗ, ಥರ್ಮೊಕೋಲ್ ಇವು ಒತ್ತಾಗಿ ಸೇರಿದ ಜಾಗದಲ್ಲಿ ಒಂದು ಕಿಡಿ ಎಷ್ಟು ಬೇಗ ಹರಡುತ್ತದೆ ಎಂಬುದಕ್ಕೆ ಅದು ಉದಾಹರಣೆ. ದಡದಲ್ಲಿ ಜಾಗ ಆರಿಸುವಾಗ ಪಕ್ಕದ ದೋಣಿಯಿಂದ ಇರುವ ಅಂತರ, ಹತ್ತಿರದ ನೀರಿನ ವ್ಯವಸ್ಥೆ ಮತ್ತು ಅಗ್ನಿಶಾಮಕ ವಾಹನ ಬರಲು ದಾರಿ ಇವನ್ನು ನೋಡದೆ ಬಾಡಿಗೆ ಮಾತ್ರ ಕೇಳುವುದು ಸರಿಯಲ್ಲ.

ಮಲ್ಪೆ: ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಎಂಜಿನ್, ಪ್ರೊಪೆಲ್ಲರ್, ಫೈಬರ್, ಹಗ್ಗ, ವೈರ್‌ಲೆಸ್, ಜಿಪಿಎಸ್ ಹೀಗೆ ಬೇಕಾದುದೆಲ್ಲ ದಕ್ಕೆಯ ಆಸುಪಾಸಿನಲ್ಲಿ ಸಿಗುತ್ತದೆ. ಕರ್ನಾಟಕ ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿಯೂ ಇಲ್ಲಿದೆ. ಉಕ್ಕಿನ ದೊಡ್ಡ ಹಡಗುಗಳನ್ನು ಕಟ್ಟುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಸಹ ಮಲ್ಪೆಯಲ್ಲಿದೆಯಾದರೂ ಸಣ್ಣ ವಿಹಾರ ದೋಣಿಯ ಕೆಲಸ ಅದರ ವ್ಯಾಪ್ತಿಯದಲ್ಲ. ಮಲ್ಪೆಯ ಕೊರತೆ ಎಂದರೆ ಜಾಗ. ಮೀನುಗಾರಿಕೆ ನಿಂತಿರುವ ಎರಡು ತಿಂಗಳು ಇಲ್ಲಿ ಸಾವಿರಕ್ಕೂ ಹೆಚ್ಚು ದೋಣಿಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಅವುಗಳ ನಡುವೆ ತೆಳುವಾದ ಒಡಲಿನ ಹಾಯಿದೋಣಿಯನ್ನು ಕಟ್ಟಿದರೆ ಮೊದಲ ಗಾಳಿಗೇ ಪಕ್ಕದ ಟ್ರಾಲ್ ಬೋಟು ಅದರ ಅಂಚನ್ನು ಉಜ್ಜಿ ಹಾಕುತ್ತದೆ. ಹಾಯಿಕಂಬದ ತಂತಿಗಳು ನೆರೆಯ ದೋಣಿಯ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ.

ಮಂಗಳೂರು: ಇಲ್ಲಿ ಎರಡು ಬಂದರುಗಳಿವೆ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಯಿತು; ಅಲೆತಡೆಗಳಿಂದ ರಕ್ಷಿತವಾದ, ಮಳೆಗಾಲದಲ್ಲೂ ಪ್ರವೇಶ ಸಾಧ್ಯವಿರುವ ಕೃತಕ ಬಂದರು ಇದು. ಕಸ್ಟಮ್ಸ್ ಮತ್ತು ವಲಸೆ ತಪಾಸಣೆ ಇಲ್ಲಿ ನಡೆಯುವುದರಿಂದ ವಿದೇಶದಿಂದ ಬರುವ ದೋಣಿಗಳಿಗೆ ಇದು ಅಧಿಕೃತ ಪ್ರವೇಶದ್ವಾರವಾಗಬಲ್ಲದು. ಆದರೆ ತೈಲ, ಅದಿರು, ಕಲ್ಲಿದ್ದಲು ಸಾಗಿಸುವ ಹಡಗುಗಳ ಈ ಬಂದರಿನಲ್ಲಿ ಸಣ್ಣ ದೋಣಿಯ ದೀರ್ಘಕಾಲದ ವಾಸಕ್ಕೆ ಏರ್ಪಾಡಿಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ಹಳೆಯ ಬಂದರು, ಅಂದರೆ ಊರಿನವರ ಬಂದರ್ ಮತ್ತು ದಕ್ಕೆ, ವಿಹಾರ ದೋಣಿಗೆ ಹೆಚ್ಚು ಹತ್ತಿರದ್ದು. ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಕಟ್ಟಡ ಸಾಮಗ್ರಿ ಒಯ್ಯುವ ಮಂಜಿಗಳು ಇಂದಿಗೂ ಇಲ್ಲಿಂದಲೇ ಹೊರಡುತ್ತವೆ. ಹೊಯ್ಗೆಬಜಾರ್, ಬೋಳಾರ ಮತ್ತು ಎದುರುದಂಡೆಯ ಬೆಂಗ್ರೆಯಲ್ಲಿ ಮರದ ಹಾಗೂ ಫೈಬರ್ ದೋಣಿ ಕಟ್ಟುವ ಅಂಗಳಗಳಿವೆ.

ನೆರೆಯ ರಾಜ್ಯಗಳು: ನಿಜವಾದ ಮರೀನಾ ಬೇಕೆನ್ನುವವರು ದಕ್ಷಿಣಕ್ಕೆ ಕೊಚ್ಚಿಯವರೆಗೆ ಹೋಗಬೇಕು. ಅಲ್ಲಿ ಬೋಲ್ಗಾಟ್ಟಿ ದ್ವೀಪದಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ಮರೀನಾ ಇದೆ. ಉತ್ತರದಲ್ಲಿ ಗೋವಾದ ಮಾಂಡೋವಿ ನದಿಯು ಒಳ್ಳೆಯ ಆಶ್ರಯ. ಆದರೆ ಅಗ್ವಾದ ಮರಳುದಿಬ್ಬದಿಂದಾಗಿ ಮಳೆಗಾಲದಲ್ಲಿ ಅದರ ಬಾಗಿಲು ಮುಚ್ಚಿದಂತೆಯೇ. ಕರ್ನಾಟಕದ ಮಾಲೀಕರಲ್ಲಿ ದೋಣಿಯನ್ನು ಗೋವಾದಲ್ಲಿಯೋ ಕೊಚ್ಚಿಯಲ್ಲಿಯೋ ಇಟ್ಟು ಬೇಸಗೆಯಲ್ಲಿ ಮಾತ್ರ ಈ ತೀರಕ್ಕೆ ಬರುವುದು ವಿವೇಕದ ಆಯ್ಕೆಯೆಂದೇ ಹೇಳಬೇಕು.

ಕುಶಲಕರ್ಮಿಗಳು

ಕರಾವಳಿಯಲ್ಲಿ ದೋಣಿಯ ಕೆಲಸಗಾರರು ಮೀನುಗಾರಿಕೆಯನ್ನು ನಂಬಿದವರು. ಹಾಯಿದೋಣಿಯೊಂದು ಅವರ ಮುಂದೆ ಬಂದು ನಿಂತಾಗ ಅವರ ಕೌಶಲ ಎಲ್ಲಿ ನೇರವಾಗಿ ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂಬುದನ್ನು ಅರಿಯುವುದೇ ಮಾಲೀಕನ ಮುಖ್ಯ ಕೆಲಸ.

ಮರದ ಕೆಲಸದಲ್ಲಿ ಇಲ್ಲಿನ ಮೇಸ್ತ್ರಿಗಳಿಗೆ ಕೊರತೆಯಿಲ್ಲ. ಸಾಗುವಾನಿ ಮತ್ತು ಹೆಬ್ಬಲಸಿನ ಗುಣವನ್ನು ಅವರು ಕೈಯಿಂದ ತಟ್ಟಿಯೇ ತಿಳಿಯುತ್ತಾರೆ. ಬಾಗಿದ ಹಲಗೆಯನ್ನು ನಕ್ಷೆಯಿಲ್ಲದೆ ಹೊಂದಿಸುತ್ತಾರೆ. ಹಲಗೆಗಳ ಸಂದಿಗೆ ಹತ್ತಿ ತುಂಬಿ ಎಣ್ಣೆ ಮತ್ತು ರಾಳ ಮೆತ್ತುವ ಕೆಲಸ ಬಲ್ಲ ಹಿರಿಯರು ಮಂಜಿಗಳಿರುವ ಕಡೆ ಈಗಲೂ ಸಿಗುತ್ತಾರೆ, ಆದರೆ ಅವರ ಸಂಖ್ಯೆ ಇಳಿಯುತ್ತಿದೆ. ಪ್ಲೈವುಡ್ ಬಳಸುವಲ್ಲಿ ಐಎಸ್ 710 ಗುರುತಿನ ಮೆರೈನ್ ದರ್ಜೆಯನ್ನೇ ಕೇಳಿ ಪಡೆಯಬೇಕು. ಅಂಗಡಿಯವರು ‘ವಾಟರ್‌ಪ್ರೂಫ್’ ಎಂದು ಕೊಡುವುದೆಲ್ಲ ಅದಲ್ಲ.

ಫೈಬರ್ ಕೆಲಸದಲ್ಲಿ ಎಚ್ಚರ ಹೆಚ್ಚು ಬೇಕು. ಮೀನುಗಾರಿಕಾ ದೋಣಿಗಳಿಗೆ ಸಾಮಾನ್ಯವಾಗಿ ಪಾಲಿಯೆಸ್ಟರ್ ರಾಳ ಮತ್ತು ಗಾಜಿನ ನಾರಿನ ಚಾಪೆಯನ್ನು ಬಳಸಲಾಗುತ್ತದೆ. ಅಗಲವಾದ, ದಪ್ಪವಾದ ಒಡಲಿಗೆ ಅದು ಸಾಕು. ಎಪಾಕ್ಸಿಯಿಂದ ಕಟ್ಟಿದ ಅಥವಾ ಹಿಂದೆ ಎಪಾಕ್ಸಿಯಿಂದ ದುರಸ್ತಿಯಾದ ಹಾಯಿದೋಣಿಯ ಮೇಲೆ ಪಾಲಿಯೆಸ್ಟರ್ ಹಚ್ಚಿದರೆ ಅದು ಚೆನ್ನಾಗಿ ಅಂಟಿಕೊಳ್ಳುವುದಿಲ್ಲ. ನೋಡಲು ನಯವಾಗಿದ್ದರೂ ಕೀಲ್ ಅಥವಾ ಚುಕ್ಕಾಣಿಯ ಬುಡದಂತಹ ಒತ್ತಡದ ಜಾಗದಲ್ಲಿ ಒಂದು ದಿನ ಕಳಚಿಕೊಳ್ಳುತ್ತದೆ. ಮಳೆಗಾಲದ ತೇವವೂ ಈ ಕೆಲಸಕ್ಕೆ ಶತ್ರು. ಮಂಗಳೂರಿನ ವಾರ್ಷಿಕ ಮಳೆ ಸುಮಾರು 3500 ಮಿ.ಮೀ.; ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆ ನಾಲ್ಕು ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ, ಒಡಲನ್ನು ಒಣಗಿಸಿಕೊಂಡೇ ಫೈಬರ್ ಕೆಲಸಕ್ಕೆ ಇಳಿಯಬೇಕು.

ಡೀಸೆಲ್ ಎಂಜಿನ್ ಮೆಕ್ಯಾನಿಕರ ವಿಷಯದಲ್ಲಿ ಈ ತೀರ ಶ್ರೀಮಂತವಾಗಿದೆ. ನೂರಾರು ಅಶ್ವಶಕ್ತಿಯ ಎಂಜಿನ್‌ಗಳನ್ನು ರಾತ್ರೋರಾತ್ರಿ ಬಿಚ್ಚಿ ಜೋಡಿಸಿ ಬೆಳಗಿಗೆ ದೋಣಿ ಹೊರಡಿಸುವವರು ಮಲ್ಪೆ, ಮಂಗಳೂರುಗಳಲ್ಲಿ ಇದ್ದಾರೆ. ಹಾಯಿದೋಣಿಯ ಇಪ್ಪತ್ತು ಮೂವತ್ತು ಅಶ್ವಶಕ್ತಿಯ ಎಂಜಿನ್ ಅವರಿಗೆ ಆಟಿಕೆಯಂತೆ ಕಂಡೀತು. ತೊಂದರೆ ಇರುವುದು ಬಿಡಿಭಾಗಗಳಲ್ಲಿ. ತಂಪುನೀರಿನ ಪಂಪಿನ ರಬ್ಬರ್ ಚಕ್ರ, ಸೀಲ್, ಫಿಲ್ಟರ್ ಮುಂತಾದವು ವಿದೇಶೀ ಎಂಜಿನ್‌ಗಳಿಗೆ ಇಲ್ಲಿ ಸಿಗುವುದಿಲ್ಲ. ಅವುಗಳನ್ನು ದೋಣಿಯಲ್ಲಿಯೇ ಜೊತೆಗಿಟ್ಟುಕೊಳ್ಳಬೇಕು. ಲೇತ್ ಕೆಲಸ, ಪ್ರೊಪೆಲ್ಲರ್ ದಂಡವನ್ನು ನೇರಗೊಳಿಸುವುದು, ಬುಷ್ ಮಾಡಿಕೊಡುವುದು ಇವೆಲ್ಲ ಸ್ಥಳದಲ್ಲಿಯೇ ಆಗುತ್ತವೆ.

ವೆಲ್ಡಿಂಗ್ ಮತ್ತು ಲೋಹದ ಕೆಲಸದಲ್ಲಿ ಒಂದು ಅಂಕಿಯನ್ನು ನೆನಪಿಡಬೇಕು: 316. ಉಪ್ಪುನೀರಿಗೆ ಈ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಕು. ಪೇಟೆಯಲ್ಲಿ ಸುಲಭವಾಗಿ ಸಿಗುವುದು ಕಟಕಟೆ, ಗೇಟುಗಳಿಗೆ ಬಳಸುವ 304 ಅಥವಾ ಅದಕ್ಕೂ ಕಡಿಮೆಯದು. ಎರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಕಂಬವನ್ನು ಹಿಡಿದ ತಂತಿಯ ತುದಿಯ ಪಟ್ಟಿಯೊಂದು ಕಡಿಮೆ ದರ್ಜೆಯದಾಗಿದ್ದರೆ ತುಕ್ಕು ಒಳಗಿನಿಂದ ತಿಂದು, ಗಾಳಿ ಹೆಚ್ಚಾದ ದಿನ ಕಂಬವೇ ಉರುಳುತ್ತದೆ.

ಹಾಯಿ ಮತ್ತು ಕಂಬದ ಕೆಲಸಕ್ಕೆ ಇಲ್ಲಿ ಪರಿಣತರಿಲ್ಲವೆಂದೇ ಹೇಳಬಹುದು. ಟ್ರಾಲ್ ಬಲೆಗೆ ಬಳಸುವ ಸತು ಲೇಪಿತ ಉಕ್ಕಿನ ಹಗ್ಗ ಹಾಯಿಕಂಬಕ್ಕೆ ಸಲ್ಲದು. ಟಾರ್ಪಾಲು ಹೊಲಿಯುವ ದರ್ಜಿಯಿಂದ ಹರಿದ ಹಾಯಿಗೆ ತೇಪೆ ಹಾಕಿಸಬಹುದು, ಬಿಸಿಲಿನ ಹೊದಿಕೆ ಹೊಲಿಸಬಹುದು. ಹೊಸ ಹಾಯಿಯನ್ನು ಹೊರಗಿನಿಂದಲೇ ತರಿಸಬೇಕು.

ಆಯ್ಕೆಯ ಕ್ರಮ

ಒಬ್ಬ ಕೆಲಸಗಾರನನ್ನು ಒಪ್ಪುವ ಮೊದಲು ಅವನ ಹೊಸ ಕೆಲಸವನ್ನಲ್ಲ, ಹಳೆಯ ಕೆಲಸವನ್ನು ನೋಡಬೇಕು. ಹತ್ತು ವರ್ಷಗಳ ಹಿಂದೆ ಅವನು ಕಟ್ಟಿದ ಅಥವಾ ತೇಪೆ ಹಾಕಿದ ದೋಣಿ ಈಗಲೂ ಕಡಲಿಗೆ ಹೋಗುತ್ತಿದೆಯೇ ಎಂಬ ಪ್ರಶ್ನೆಗೆ ದಕ್ಕೆಯಲ್ಲಿ ಉತ್ತರ ಸಿಗುತ್ತದೆ. ಐಸ್ ಪ್ಲಾಂಟಿನವರು, ಬಿಡಿಭಾಗದ ಅಂಗಡಿಯವರು ಮತ್ತು ತಾಂಡೇಲರು ಈ ವಿಷಯದಲ್ಲಿ ದೋಣಿ ಮಾಲೀಕರಿಗಿಂತ ಮುಚ್ಚುಮರೆಯಿಲ್ಲದೆ ಮಾತನಾಡುತ್ತಾರೆ. ಮೊದಲಿಗೆ ಒಂದು ಸಣ್ಣ ಕೆಲಸ ಕೊಟ್ಟು ನೋಡುವುದು, ಸಾಮಗ್ರಿಯನ್ನು ಮಾಲೀಕನೇ ಕೊಂಡು ಕೂಲಿಯನ್ನು ಮಾತ್ರ ಕೊಡುವುದು, ಒಡಲನ್ನು ಮುಚ್ಚುವ ಪ್ರತಿ ಹಂತಕ್ಕೆ ಮೊದಲು ಕಣ್ಣಾರೆ ಕಾಣುವುದು ಅಥವಾ ಚಿತ್ರ ತರಿಸಿಕೊಳ್ಳುವುದು ರೂಢಿಯಲ್ಲಿರುವ ಎಚ್ಚರಿಕೆಗಳು. ಇಡೀ ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ ಬೇಗ ಮುಗಿಯುತ್ತದೆ. ದಿನಗೂಲಿಗೆ ಕೊಟ್ಟರೆ ನಿಧಾನವಾದರೂ ಒಳಗಿನ ಕೆಲಸ ಗಟ್ಟಿಯಾಗಿರುತ್ತದೆ ಎಂಬುದು ದಕ್ಕೆಯಲ್ಲಿ ಸಾಮಾನ್ಯ ಅಭಿಪ್ರಾಯ.

ಕಾಲವನ್ನೂ ಲೆಕ್ಕ ಹಾಕಬೇಕು. ಜೂನ್ ಮತ್ತು ಜುಲೈ ತಿಂಗಳಲ್ಲಿ ವಿಹಾರ ದೋಣಿ ದಡದಲ್ಲಿ ಖಾಲಿ ನಿಂತಿರುವಾಗಲೇ ಸಾವಿರಾರು ಮೀನುಗಾರಿಕಾ ದೋಣಿಗಳೂ ದಡದಲ್ಲಿರುತ್ತವೆ. ಅವುಗಳಿಗೆಲ್ಲ ಆಗಸ್ಟ್ 1 ಗಡುವು. ಒಂದು ದಿನ ತಡವಾದರೂ ಮೀನುಗಾರನಿಗೆ ನಷ್ಟ. ವಿಹಾರಿಗೆ ಅಂತಹ ಅವಸರ ಇಲ್ಲವೆಂದು ಮೇಸ್ತ್ರಿಗೆ ಗೊತ್ತು. ಹೀಗಾಗಿ ವಿಹಾರ ದೋಣಿಯ ಸರದಿ ಕೊನೆಗೆ ಬರುತ್ತದೆ. ಇದನ್ನು ಅನ್ಯಾಯವೆನ್ನುವಂತಿಲ್ಲ, ಏಕೆಂದರೆ ಆ ಕೆಲಸಗಾರನ ವರ್ಷದ ಅನ್ನ ಮೀನುಗಾರಿಕಾ ದೋಣಿಗಳಿಂದಲೇ ಬರುತ್ತದೆ. ದೊಡ್ಡ ಕೆಲಸವನ್ನು ಏಪ್ರಿಲ್ ಮೇಗಳಲ್ಲಿಯೇ ಮಾತಾಡಿಕೊಂಡು, ಆಗಸ್ಟ್ ಸೆಪ್ಟೆಂಬರಿನಲ್ಲಿ ಕೈಗಳು ಬಿಡುವಾದಾಗ ಮಾಡಿಸುವುದು ಎರಡೂ ಕಡೆಗೆ ಹೊಂದುತ್ತದೆ.

ದಡದ ಮೇಲಿನ ಮಳೆಗಾಲ

ಮೀನುಗಾರಿಕಾ ದೋಣಿಯ ತಳ ಅಗಲವಾದ್ದರಿಂದ ಅದನ್ನು ಉರುಳುಮರಗಳ ಮೇಲೆ ದಡಕ್ಕೆ ಎಳೆದರೆ ತಾನೇ ನಿಲ್ಲುತ್ತದೆ. ಆಳವಾದ ಕೀಲ್ ಇರುವ ಹಾಯಿದೋಣಿಗೆ ಹಾಗಾಗದು. ಅದನ್ನು ಕ್ರೇನಿನಿಂದ ಎತ್ತಿ, ಎರಡೂ ಬದಿಗೆ ಆಧಾರವಿರುವ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಬೇಕು. ಪಟ್ಟಿಗಳನ್ನು ಎಲ್ಲಿ ಹಾಕಬೇಕೆಂದು ದೋಣಿಯ ನಕ್ಷೆಯನ್ನು ಕ್ರೇನ್ ಚಾಲಕನಿಗೆ ತೋರಿಸದಿದ್ದರೆ ಪ್ರೊಪೆಲ್ಲರ್ ದಂಡ ಬಾಗುವುದೋ ಒಡಲು ಬಿರಿಯುವುದೋ ಆಗುತ್ತದೆ. ಆಧಾರದ ಕೆಳಗಿನ ನೆಲವೂ ಮುಖ್ಯ: ಮೇ ತಿಂಗಳಲ್ಲಿ ಕಲ್ಲಿನಂತಿದ್ದ ಮಣ್ಣು ಜುಲೈ ಹೊತ್ತಿಗೆ ಕೆಸರಾಗಿ ಒಂದು ಕಡೆಯ ಕಾಲು ಕುಸಿಯಬಹುದು. ಕಾಂಕ್ರೀಟ್ ನೆಲವಿಲ್ಲದ ಕಡೆ ದಪ್ಪ ಹಲಗೆಗಳ ಮೇಲೆ ಚೌಕಟ್ಟು ನಿಲ್ಲಿಸಬೇಕು. ಕಂಬವನ್ನು ಇಳಿಸಿಡುವುದು ಗಾಳಿ ಮತ್ತು ಸಿಡಿಲು ಎರಡರಿಂದಲೂ ರಕ್ಷಣೆ.

ನೀರಿನಲ್ಲಿಯೇ ಬಿಡುವ ದೋಣಿಗಳ ವಿಷಯದಲ್ಲಿ ಒಂದು ವೈಶಿಷ್ಟ್ಯವಿದೆ. ಮಳೆಗಾಲದಲ್ಲಿ ಅಳಿವೆಯ ಒಳಗಿನ ನೀರು ಬಹುತೇಕ ಸಿಹಿಯಾಗುವುದರಿಂದ ತಳಕ್ಕೆ ಅಂಟಿದ ಬಾರ್ನಕಲ್‌ಗಳು ಸಾಯುತ್ತವೆ. ಅದೇ ಸಿಹಿನೀರಿನಲ್ಲಿ, ಲೋಹದ ಭಾಗಗಳನ್ನು ಸವೆತದಿಂದ ಕಾಯಲು ಜೋಡಿಸಿದ ಸತುವಿನ ತುಂಡುಗಳು ಸರಿಯಾಗಿ ಕೆಲಸ ಮಾಡುವುದಿಲ್ಲ; ಅಲ್ಯೂಮಿನಿಯಂ ಮಿಶ್ರಲೋಹದ ತುಂಡುಗಳು ಇಂತಹ ನೀರಿಗೆ ಮೇಲು. ತಳಕ್ಕೆ ಬಳಿಯುವ ಬಣ್ಣಗಳಲ್ಲಿ ತವರದ ಟಿಬಿಟಿ ಸಂಯುಕ್ತವಿರುವವನ್ನು 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ನಿಷೇಧಿಸಿದೆ. ಹಳೆಯ ದಾಸ್ತಾನಿನ ಡಬ್ಬಿ ಅಗ್ಗವಾಗಿ ಸಿಕ್ಕರೂ ಅದನ್ನು ಬಳಸಬಾರದು. ಅಳಿವೆಯ ಮಳಿ, ಚಿಪ್ಪುಗಳು ಅನೇಕರ ಆಹಾರ ಮತ್ತು ಜೀವನಾಧಾರ.

ಆಡಳಿತ ಮತ್ತು ಸುರಕ್ಷತೆ

ರಾಜ್ಯದ ಕಿರುಬಂದರುಗಳು ಕರ್ನಾಟಕ ಜಲಸಾರಿಗೆ ಮಂಡಳಿಯ ಅಧೀನದಲ್ಲಿವೆ. ಮೀನುಗಾರಿಕಾ ದಕ್ಕೆಗಳ ವ್ಯವಹಾರದಲ್ಲಿ ಮೀನುಗಾರಿಕಾ ಇಲಾಖೆಯೂ ಸ್ಥಳೀಯ ಮೀನುಗಾರರ ಸಂಘಗಳೂ ಪಾತ್ರ ವಹಿಸುತ್ತವೆ. ಕಚೇರಿಯ ಅನುಮತಿ ಇದ್ದರೂ ಸಂಘದವರ ಒಪ್ಪಿಗೆಯಿಲ್ಲದೆ ದಕ್ಕೆಯಲ್ಲಿ ಹೆಚ್ಚು ದಿನ ನಿಲ್ಲುವುದು ಕಷ್ಟ. 2008ರ ಮುಂಬಯಿ ದಾಳಿಯ ನಂತರ ಕರಾವಳಿಯ ಕಾವಲು ಬಿಗಿಯಾಗಿದ್ದು, ಅಪರಿಚಿತ ದೋಣಿಯ ಕಾಗದಪತ್ರಗಳನ್ನೂ ಸಿಬ್ಬಂದಿಯ ಗುರುತನ್ನೂ ಪದೇ ಪದೇ ಪರಿಶೀಲಿಸಲಾಗುತ್ತದೆ. ಆಪತ್ತಿನಲ್ಲಿ ವಿಎಚ್‌ಎಫ್ ರೇಡಿಯೊದ 16ನೆಯ ಚಾನೆಲ್, ಭಾರತೀಯ ತಟರಕ್ಷಣಾ ಪಡೆಯ 1554 ಮತ್ತು ಕರಾವಳಿ ಪೊಲೀಸರ 1093 ದೂರವಾಣಿ ಸಂಖ್ಯೆಗಳು ಬಳಕೆಯಲ್ಲಿವೆ.

ನಿದರ್ಶನ: ಗೋವಾದ ದೋಣಿಗಳು

ಪರಿಣತಿ ಸ್ಥಳೀಯವಾಗಿಯೇ ಬೆಳೆಯಬಲ್ಲದು ಎಂಬುದಕ್ಕೆ ನೆರೆಯ ಗೋವಾದಲ್ಲಿ ಉತ್ತಮ ನಿದರ್ಶನವಿದೆ. ಮಾಂಡೋವಿಯ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರ ಅಕ್ವೇರಿಯಸ್ ಶಿಪ್‌ಯಾರ್ಡ್ ಭಾರತೀಯ ನೌಕಾಪಡೆಗಾಗಿ 56 ಅಡಿ ಉದ್ದದ ‘ಮಾದೆಯಿ’ ಹಾಯಿದೋಣಿಯನ್ನು ಮರ ಮತ್ತು ಎಪಾಕ್ಸಿಯಿಂದ ಕಟ್ಟಿತು. ಅದರಲ್ಲಿ ದಿಲೀಪ್ ದೊಂಡೆ 2009-10ರಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರಾದರು. ಅಭಿಲಾಷ್ ಟಾಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ ಅದೇ ಯಾನವನ್ನು ಪೂರೈಸಿದರು. ಅಲ್ಲಿಯೇ ನಿರ್ಮಾಣವಾದ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ಜಗತ್ತನ್ನು ಸುತ್ತಿದರು. ಇದಕ್ಕೂ ಹಿಂದೆ, 1960ರ ದಶಕದಲ್ಲಿ ಮುಂಬಯಿಯ ಬಡಗಿಗಳು ಸಾಗುವಾನಿಯಲ್ಲಿ ಕಟ್ಟಿದ ‘ಸುಹೈಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮಾಡಿದ ಮೊದಲ ವ್ಯಕ್ತಿಯಾದರು.

ಒಳನಾಡಿನ ಮಾಲೀಕರು

ಹಾಯಿದೋಣಿಯ ಆಸಕ್ತರಲ್ಲಿ ಬೆಂಗಳೂರು ಮತ್ತು ಅದರ ಸುತ್ತಲಿನವರೂ ಇದ್ದಾರೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಹಾಯಿದೋಣಿ ತರಬೇತಿ ನಡೆಸುತ್ತದೆ. ಕೆರೆಯ ಸಣ್ಣ ದೋಣಿಯಿಂದ ಕಡಲ ದೋಣಿಗೆ ಬಂದವರಿಗೆ ಎದುರಾಗುವ ಮೊದಲ ತೊಡಕು ದೂರ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಸೋಂಪುರದಂತಹ ಊರಿನಿಂದ ಮಂಗಳೂರಿಗೆ ಹೋಗಲು ನೆಲಮಂಗಲದಲ್ಲಿ ರಾಷ್ಟ್ರೀಯ ಹೆದ್ದಾರಿ 75ನ್ನು ಹಿಡಿದು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ಕಾರವಾರಕ್ಕಾದರೆ ಸೋಂಪುರದ ಪಕ್ಕದಲ್ಲಿಯೇ ಹಾದುಹೋಗುವ ಹೆದ್ದಾರಿ 48ರಲ್ಲಿ ತುಮಕೂರು, ಚಿತ್ರದುರ್ಗಗಳ ಮೂಲಕ ಹುಬ್ಬಳ್ಳಿಗೆ ಹೋಗಿ ಅರಬೈಲ್ ಘಾಟಿ ಇಳಿಯಬೇಕಾಗುತ್ತದೆ. ದೋಣಿಗೆ ಅತ್ಯಂತ ಅಪಾಯವಿರುವ ಜುಲೈ ತಿಂಗಳಲ್ಲಿಯೇ ಈ ಘಾಟಿಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಹೆಚ್ಚು.

ಹೀಗಾಗಿ ಒಳನಾಡಿನ ಮಾಲೀಕನಿಗೆ ತಂಗುದಾಣಕ್ಕಿಂತಲೂ ಮೊದಲು ಬೇಕಾದದ್ದು ಅಲ್ಲೊಬ್ಬ ನಂಬಿಕೆಯ ಉಸ್ತುವಾರಿ. ಮಳೆ ನಿಂತ ಪ್ರತಿ ಬಿಡುವಿನಲ್ಲಿ ದೋಣಿಯೊಳಗಿನ ನೀರನ್ನು ಪಂಪಿನಿಂದ ಹೊರಹಾಕುವುದು, ಹಗ್ಗ ಸವೆದಿದೆಯೇ ನೋಡುವುದು, ಕಿಟಕಿ ತೆರೆದು ಗಾಳಿಯಾಡಿಸುವುದು, ಬ್ಯಾಟರಿಗೆ ವಿದ್ಯುತ್ ತುಂಬುವುದು ಅವನ ಕೆಲಸ. ತಿಂಗಳ ಸಂಬಳಕ್ಕೆ ಈ ಹೊಣೆ ಹೊರುವ ನಿವೃತ್ತ ಮೀನುಗಾರರು ಹೆಚ್ಚಿನ ಬಂದರುಗಳಲ್ಲಿ ಸಿಗುತ್ತಾರೆ.

ಮಳೆಗಾಲಕ್ಕೆ ದೋಣಿಯನ್ನೇ ಮನೆಗೆ ತರುವ ಇನ್ನೊಂದು ಮಾರ್ಗವೂ ಇದೆ. ಮೋಟಾರು ವಾಹನ ನಿಯಮದಂತೆ ಟ್ರೇಲರಿನ ಅಗಲ 2.6 ಮೀಟರ್ ಮೀರಬಾರದು. ಈ ಮಿತಿಯೊಳಗೆ ಸಾಮಾನ್ಯವಾಗಿ ಏಳು ಮೀಟರ್ ಉದ್ದದವರೆಗಿನ ದೋಣಿಗಳು ಬರುತ್ತವೆ. ಅದಕ್ಕಿಂತ ದೊಡ್ಡದನ್ನು ಸಾಗಿಸಲು ವಿಶೇಷ ಅನುಮತಿ ಬೇಕು. ಏಳು ಮೀಟರಿನೊಳಗಿನ, ಕೀಲ್ ಮೇಲೆತ್ತಬಲ್ಲ ದೋಣಿಯನ್ನು ಆರಿಸಿಕೊಂಡವರು ಅದನ್ನು ಮೇ ತಿಂಗಳಲ್ಲಿ ಘಟ್ಟ ಹತ್ತಿಸಿ ಒಳನಾಡಿನ ಒಣ ಹವೆಯಲ್ಲಿ ಮಾಡಿನ ಕೆಳಗೆ ಇಡಬಹುದು. ಲೋಹದ ಭಾಗಗಳನ್ನು ಪೀಣ್ಯದಂತಹ ಕೈಗಾರಿಕಾ ಪ್ರದೇಶದ ವರ್ಕ್‌ಶಾಪುಗಳಲ್ಲಿ ದರ್ಜೆಯ ಪ್ರಮಾಣಪತ್ರದೊಂದಿಗೆ ಮಾಡಿಸಿಕೊಳ್ಳಬಹುದು. ಅಕ್ಟೋಬರಿನಲ್ಲಿ ಅಲೆಗಳು ಇಳಿದ ಮೇಲೆ ಮತ್ತೆ ಘಾಟಿ ಇಳಿಸಿ, ಆ ವರ್ಷ ಅಳಿವೆಯ ದಾರಿ ಯಾವ ಕಡೆಗೆ ಸರಿದಿದೆಯೆಂದು ದಕ್ಕೆಯಲ್ಲಿ ಕೇಳಿಕೊಂಡು ದೋಣಿಯನ್ನು ನೀರಿಗಿಡಲಾಗುತ್ತದೆ.